ಮರದ ಹೊಟ್ಟಿನ ಗೆರೆ

ನಮ್ಮ ಹ್ಯಾಂಗರಿನ ಆಫೀಸಿಗೆ ಯಾರೇ ಬರಲಿ, ಮೊದಲು ಕಣ್ಣು ಹೋಗೋದು ಆ ಫೋಟೋ ಮೇಲೆ. ಬಾಗಿಲಿಗೆ ಎದುರಿನ ಗೋಡೆ ಪೂರ್ತಿ ಅದೇ. ಗಾಳಿಯ ಸುಳಿವಿಲ್ಲದ ಬೆಳಿಗ್ಗೆ, ಕನ್ನಡಿ ಹಾಗೆ ನಿಂತ ಕೆರೆ, ಅದರ ಮೇಲೆ ನನ್ನ ಗಂಡನ ಹಳದಿ ವಿಮಾನ. ಎರಡು ಚಕ್ರ ನೀರಿಗೆ ತಾಗಿವೆ. ನೀರೊಳಗೆ ಇನ್ನೊಂದು ಹಳದಿ ವಿಮಾನ ತಲೆಕೆಳಗಾಗಿ, ಇದರ ಚಕ್ರಕ್ಕೆ ತನ್ನ ಚಕ್ರ ಕೊಟ್ಟುಕೊಂಡು ಓಡ್ತಾ ಇದೆ. ನೋಡಿದವರೆಲ್ಲ ಹತ್ತಿರ ಹೋಗಿ ಮತ್ತೊಂದು ಸಲ ನೋಡ್ತಾರೆ. ಆಮೇಲೆ ನನ್ನ ಗಂಡನ ಕೈ ಕುಲುಕ್ತಾರೆ.

ಆ ಫೋಟೋದಲ್ಲಿ ಎಡಗಡೆ ಚಕ್ರದ ಮುಂದೆ ಸಾಸಿವೆಗಿಂತ ಸಣ್ಣ ಚುಕ್ಕೆಗಳಿವೆ. ಫ್ರೇಮ್ ಹಾಕಿದವನು ಗಾಜಿನ ಮೇಲಿನ ಧೂಳು ಅಂದ್ಕೊಂಡು ಎರಡು ಸಲ ಒರೆಸಿದ. ಧೂಳಲ್ಲ ಅದು, ಮರದ ಹೊಟ್ಟು. ಮರ ಕೊಯ್ಯೋ ಸಾಮಿಲ್ಲಿಂದ ತಂದ ಒಂದು ಮೂಟೆ ಹೊಟ್ಟು. ನೀರಿಗೆ ಹಾಕಿದವಳು ನಾನು.

ಗೊತ್ತಿಲ್ಲದವರಿಗೆ ನಮ್ಮ ಕಸುಬು ಏನು ಅಂತ ಹೇಳಿಬಿಡ್ತೀನಿ. ಎರಡೇ ಸೀಟಿನ ಸಣ್ಣ ವಿಮಾನ, ಅದಕ್ಕೆ ದಪ್ಪ ಮೆತ್ತನೆ ಟೈರು. ಮೇಲಿಂದ ಇಳಿದು ಬಂದು, ಚಕ್ರ ನೀರಿಗೆ ತಾಗಿಸಿ, ಮುಳುಗದ ಹಾಗೆ ಕೆರೆ ಉದ್ದಕ್ಕೂ ಓಡಿಸಿ, ಮತ್ತೆ ಎದ್ದು ಹೋಗೋದು. ವೇಗ ಇರೋ ತನಕ ನೀರು ರಸ್ತೆ ಹಾಗೆ ಗಟ್ಟಿ. ವೇಗ ಸ್ವಲ್ಪ ಕಮ್ಮಿಯಾಯ್ತೋ, ಚಕ್ರ ನೀರು ಕಚ್ಚಿಕೊಳ್ಳುತ್ತೆ, ವಿಮಾನ ಮೂಗಿನ ಮೇಲೆ ಮಗುಚುತ್ತೆ. ಇದನ್ನ ನೋಡೋಕೆ ದಡದಲ್ಲಿ ಸಾವಿರಾರು ಜನ ಸೇರ್ತಾರೆ. ಅವರಲ್ಲಿ ಅರ್ಧ ಜನ ಅದು ಮಗುಚಲಿ ಅಂತಲೇ ಬಂದಿರ್ತಾರೆ ಅನ್ನೋದು ನನ್ನ ಅನುಮಾನ.

ಇದರಲ್ಲಿ ದೊಡ್ಡ ಕಷ್ಟ ಯಾವುದು ಅಂದ್ರೆ, ನೀರು ಎಲ್ಲಿದೆ ಅಂತ ಕಾಣೋದು. ಅಲೆ ಇದ್ರೆ ಕಾಣುತ್ತೆ. ಗಾಳಿ ಬಿದ್ದುಹೋಗಿ ನೀರು ಕನ್ನಡಿಯಾದ್ರೆ ಪೈಲಟ್ಟಿಗೆ ಕೆಳಗೂ ಆಕಾಶ, ಮೇಲೂ ಆಕಾಶ. ಇನ್ನೂ ಹತ್ತು ಅಡಿ ಇದೆ ಅಂದ್ಕೊಂಡಿರ್ತಾರೆ, ಒಂದಡಿಯೂ ಇರಲ್ಲ. ಅದಕ್ಕೇ ಪ್ರತಿ ಓಟಕ್ಕೂ ಮುಂಚೆ ಒಂದು ಮೋಟಾರು ದೋಣಿ ಕೆರೆಗೆ ಹೋಗಿ, ವಿಮಾನ ಬರೋ ದಾರಿಯಲ್ಲಿ ಹಾವು ಹರಿದ ಹಾಗೆ ಓಡಾಡಿ ನೀರು ಕಲಕಬೇಕು. ತುಂಬಾ ಮುಂಚೆ ಕಲಕಿದ್ರೆ ನೀರು ಮತ್ತೆ ಮಲಗಿಬಿಡುತ್ತೆ. ತಡವಾಗಿ ಕಲಕಿದ್ರೆ ಅಲೆ ದಪ್ಪ, ಚಕ್ರಕ್ಕೆ ಗುದ್ದುತ್ತೆ. ಕಲಕಿ, ಪಕ್ಕಕ್ಕೆ ಸರಿದು, ಹಳದಿ ಬಾವುಟ ಎತ್ತಬೇಕು. ಬಾವುಟ ಎದ್ದ ಮೇಲೆ ನೂರು ಎಣಿಸೋದರೊಳಗೆ ವಿಮಾನದ ಚಕ್ರ ನೀರಿಗೆ ತಾಗಬೇಕು.

ಆ ದೋಣಿ ನಂದು. ಇಪ್ಪತ್ತೆರಡು ವರ್ಷದಿಂದ ನಂದೇ. ಕರಪತ್ರದಲ್ಲಿ ಅದಕ್ಕೆ ‘ರಕ್ಷಣಾ ದೋಣಿ’ ಅಂತ ಹಾಕ್ತಾರೆ. ಮೈಕ್ ಹಿಡಿದವನು ಪ್ರತಿ ಸಲ ನನ್ನನ್ನ ತೋರಿಸಿ, ‘ಏನೂ ಆಗಲ್ಲ, ಆದ್ರೂ ಇರಲಿ ಅಂತ ಕ್ಯಾಪ್ಟನ್ ಅವರ ಮನೆಯವರು ಅಲ್ಲಿದಾರೆ, ಗಂಡನ ಮೇಲೆ ಒಂದು ಕಣ್ಣಿಡೋಕೆ’ ಅಂತಾನೆ. ಜನ ನಗ್ತಾರೆ. ನಾನೂ ಹಲ್ಲು ಕಿಸಿದು ಕೈ ಬೀಸ್ತೀನಿ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ನಮ್ಮನೇಲಿ ಕೆಸರಾದ ಕೈ ನಂದು, ಮೊಸರಾದ ಬಾಯಿ ಅವರದು.

ಕನ್ನಡಿ ನೀರು ಏನು ಮಾಡುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೀನಿ. ನಮ್ಮ ಜೊತೆ ಲಂಬು ಅಂತ ಒಬ್ಬ ಇದ್ದ, ನನ್ನ ಗಂಡನ ಸ್ನೇಹಿತ, ವಿಮಾನದಿಂದ ಇಳಿಯೋವಾಗ ಮಡಚಿದ ಕುರ್ಚಿ ಬಿಚ್ಚಿದ ಹಾಗೆ ಇಳಿಯೋನು. ಒಂದು ದಿನ ಬೇರೆ ಊರಿನ ಕೆರೆಯಲ್ಲಿ ದೋಣಿಯ ಇಂಜಿನ್ ಸ್ಟಾರ್ಟ್ ಆಗಲಿಲ್ಲ. ಜನ ಕಾಯ್ತಾ ಇದಾರೆ ಅಂತ ಇವನು ದೋಣಿ ಇಲ್ಲದೇನೇ ಇಳಿದ. ಎಷ್ಟು ಚೆನ್ನಾಗಿ ಇಳಿದು ಬಂದ ಅಂದ್ರೆ, ಒಂದಿಷ್ಟೂ ಅಲುಗಾಡದೆ, ಕಟ್ಟಕಡೆ ತನಕ ನಿಧಾನವಾಗಿ, ನೇರ ನೀರೊಳಗೆ ಹೋದ. ಕೊನೆಗೂ ಅವನಿಗೆ ನೀರು ಕಾಣಲೇ ಇಲ್ಲ. ಅವನ ಒಂದು ಬೂಟು ಸಂಜೆ ದಡಕ್ಕೆ ಬಂತು. ಅದನ್ನ ಅವನ ತಾಯಿಗೆ ಕೊಟ್ಟು ಬಂದವಳೂ ನಾನೇ.

ಇಷ್ಟು ಗೊತ್ತಿದ್ದೂ ನನ್ನ ಗಂಡ ಹತ್ತೊಂಬತ್ತು ವರ್ಷದ ಹಿಂದೆ ಆ ಫೋಟೋಗೆ ಒಪ್ಪಿಕೊಂಡರು. ಯಾವುದೋ ಕ್ಯಾಲೆಂಡರ್ ಕಂಪನಿಯವರು ಬಂದು, ಅಲೆ ಇರಬಾರದು, ವಿಮಾನ ನೀರಲ್ಲಿ ಪೂರ್ತಿ ಕಾಣಬೇಕು ಅಂದ್ರು. ಇವರು ಮೀಸೆ ತಿರುವಿಕೊಂಡು ‘ಆಗಲಿ’ ಅಂದುಬಿಟ್ಟರು. ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತರು. ‘ಬಾಯಿ ತಪ್ಪಿ ಒಪ್ಪಿಕೊಂಡೆ ಕಣೇ, ಈಗ ಹಿಂದೆ ಸರಿದ್ರೆ ಮರ್ಯಾದೆ ಇಲ್ಲ, ಮುಂದೆ ಹೋದ್ರೆ ಜೀವ ಇಲ್ಲ’ ಅಂದ್ರು. ಹೊಟ್ಟಿನ ಉಪಾಯ ನಂದು. ನಮ್ಮ ಬೀದಿ ಕೊನೇಲಿ ಸಾಮಿಲ್ ಇದೆ, ಅದರ ಹಿಂದಿನ ಹೊಂಡದ ಮೇಲೆ ಯಾವಾಗಲೂ ಹೊಟ್ಟು ತೇಲ್ತಾ ಇರುತ್ತೆ. ಹಾಲು ತರೋಕೆ ಹೋಗೋವಾಗ ದಿನಾ ನೋಡ್ತಿದ್ದೆ.

ಮಾರನೇ ಬೆಳಿಗ್ಗೆ ಮೌನಿ ಬಂದ. ಮೌನಿ ಅಂದ್ರೆ ನಮ್ಮ ಮೆಕ್ಯಾನಿಕ್. ವಾರಕ್ಕೆ ನಾಲ್ಕು ಮಾತಾಡಿದ್ರೆ ಜಾಸ್ತಿ, ಅದಕ್ಕೇ ಆ ಹೆಸರು. ಅವನು ಮೂಟೆ ಹೊತ್ತು ತಂದು ಹುಟ್ಟು ಹಾಕೋ ಸಣ್ಣ ದೋಣಿಗೆ ಹಾಕಿಕೊಟ್ಟ. ಮೋಟಾರು ಬಳಸಿದ್ರೆ ಅಲೆ ಏಳುತ್ತಲ್ಲ. ನಾನೊಬ್ಬಳೇ ಹುಟ್ಟು ಹಾಕ್ಕೊಂಡು ಹೋಗಿ, ಮುಷ್ಟಿ ಮುಷ್ಟಿಯಾಗಿ ಹೊಟ್ಟು ಉದುರಿಸ್ತಾ ಕೆರೆ ನಡುವೆ ಉದ್ದಕ್ಕೆ ಗೆರೆ ಹಾಕಿದೆ. ದಡದಲ್ಲಿ ಕ್ಯಾಮೆರಾ ಹಿಡಿದವನಿಗೆ ಅದು ಕಾಣಲ್ಲ. ಮೇಲಿಂದ ಇಳಿದು ಬರೋವನಿಗೆ ಮಾತ್ರ ಕಾಗದದ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತೆ, ಇಗೋ ನೀರು ಇಲ್ಲಿದೆ ಅಂತ. ಆಮೇಲೆ ದೋಣಿನ ಜೊಂಡಿನೊಳಗೆ ನುಗ್ಗಿಸಿ, ತಲೆ ಬಗ್ಗಿಸಿ ಕೂತೆ. ಅವರು ಬಂದ್ರು, ಗೆರೆ ಪಕ್ಕದಲ್ಲೇ ಚಕ್ರ ತಾಗಿಸಿದರು, ಎದ್ದು ಹೋದ್ರು. ನನ್ನ ಅಂಗೈಯಲ್ಲಿ ಆರು ಬೊಕ್ಕೆ.

ಕ್ಯಾಲೆಂಡರ್ ಬಂದ ಮೇಲೆ ಪೇಪರಿನವರು ಮನೆಗೆ ಬಂದು ಕೇಳಿದರು, ಕನ್ನಡಿ ನೀರಿನ ಮೇಲೆ ಹೇಗೆ ಸಾಧ್ಯ ಅಂತ. ನನ್ನ ಗಂಡ ಒಂದು ಗಳಿಗೆ ಯೋಚನೆ ಮಾಡಿ, ‘ಕಣ್ಣಿದ್ರೆ ಸಾಕು, ನೀರು ತಾನೇ ದಾರಿ ತೋರಿಸುತ್ತೆ’ ಅಂದ್ರು. ನಾನು ಒಳಗೆ ಕಾಫಿ ಸೋಸ್ತಾ ಇದ್ದೆ, ಕೇಳಿಸಿತು. ಅವರು ಹೋದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಆ ನಗು ನೆನೆಸಿಕೊಂಡ್ರೆ ಈಗ ನನ್ನ ಬಾಯಿಗೆ ನಾನೇ ಹೊಡ್ಕೋಬೇಕು ಅನ್ಸುತ್ತೆ. ಆವತ್ತೇ, ಆ ಜಾಗದಲ್ಲೇ, ಸೋಸೋ ಜಾಲರಿ ಕೈಯಲ್ಲಿ ಹಿಡ್ಕೊಂಡೇ ಆಚೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ಗಂಡನ ಹೆಸರು ಬಂದ್ರೆ ನಂಗೂ ಬಂದ ಹಾಗೇ ಅಂದ್ಕೊಂಡೆ. ದಡ್ಡಿ.

ಆಗ ಮಗಳಿಗೆ ನಾಲ್ಕು ವರ್ಷ. ಆ ಫೋಟೋ ಕೆಳಗೇ ಕೂತು ಹೋಮ್‌ವರ್ಕ್ ಮಾಡಿ ಬೆಳೆದವಳು. ‘ಅಪ್ಪಾ, ಕನ್ನಡಿ ಮೇಲೆ ಓಡಿಸಿದ್ದು ಹೇಗೆ’ ಅಂತ ಕೇಳೋಳು. ಅವರು ಅದೇ ಮಾತು ಹೇಳೋರು, ಕಣ್ಣಿದ್ರೆ ಸಾಕು ಅಂತ. ಹೇಳಿ ಹೇಳಿ, ಹತ್ತು ವರ್ಷ ಆಗೋ ಹೊತ್ತಿಗೆ ಅವರೇ ಅದನ್ನ ನಂಬಿಬಿಟ್ಟಿದ್ರು ಅಂತ ಕಾಣುತ್ತೆ. ಒಂದು ಸಲ ನೆಂಟರ ಮುಂದೆ ಆ ಕತೆ ಹೇಳೋವಾಗ ನನ್ನ ಮುಖ ನೋಡಿದ್ರು. ಅವರು ನಗ್ತಾರೆ ಅಂದ್ಕೊಂಡೆ, ನಗಲಿಲ್ಲ.

ಮೂರು ವರ್ಷದ ಹಿಂದೆ ಎದೆಯ ತೊಂದರೆ ಅಂತ ಡಾಕ್ಟರು ಅವರ ಲೈಸೆನ್ಸಿಗೆ ಸಹಿ ಹಾಕಲಿಲ್ಲ. ಅವತ್ತಿಂದ ಅವರಿಗೆ ಉಳಿದಿದ್ದು ಆ ಫೋಟೋ ಮತ್ತೆ ಮಗಳು. ಮಗಳು ಅಷ್ಟರಲ್ಲಿ ಹಾರೋಕೆ ಕಲಿತಿದ್ಲು. ಕೋಪದಲ್ಲಿ ಇದ್ರೂ ಈ ಮಾತು ಹೇಳಲೇಬೇಕು, ಅವಳ ಕೈ ಅವರಿಗಿಂತ ಮೃದು. ಎರಡು ವರ್ಷ ನನ್ನ ದೋಣಿಯ ಹಿಂದೆ, ನನ್ನ ಬಾವುಟಕ್ಕೆ, ಒಂದು ಸಲವೂ ತಪ್ಪದೆ ನೀರು ಮುಟ್ಟಿದಳು. ನಾನು ಎಣಿಸ್ತಾ ಇರ್ತಿದ್ದೆ. ಅರವತ್ತು, ಎಪ್ಪತ್ತು. ಎಂಬತ್ತು ದಾಟಿದ್ದಿಲ್ಲ.

ಈ ವರ್ಷದ ದೊಡ್ಡ ಪ್ರದರ್ಶನಕ್ಕೆ ಹತ್ತು ದಿನ ಇರೋವಾಗ, ಊಟಕ್ಕೆ ಕೂತಾಗ, ಅವಳು ಹೇಳಿದ್ಲು.

‘ಅಮ್ಮಾ, ಈ ಸಲ ನೀರು ಕಲಕೋದು ಬೇಡ. ಬೆಳಿಗ್ಗೆನೇ ಗಾಳಿ ಏಳೋಕೆ ಮುಂಚೆ ಇಟ್ಕೊಂಡಿದೀವಿ. ಅಪ್ಪನ ಫೋಟೋ ಹಾಗೇನೇ ಮಾಡ್ತೀನಿ. ಪೋಸ್ಟರ್ ಕೂಡ ಆಯ್ತು.’

ನಾನು ಗಂಡನ ಮುಖ ನೋಡಿದೆ. ಅವರು ತಟ್ಟೆ ನೋಡಿದರು.

‘ಲಂಬು ಮಾಮ ಹೇಗೆ ಹೋದ ಅಂತ ಗೊತ್ತಲ್ಲ ನಿಂಗೆ’ ಅಂದೆ.

‘ಲಂಬು ಮಾಮಂಗೆ ಅಪ್ಪನ ಕಣ್ಣು ಇರಲಿಲ್ಲ’ ಅಂದ್ಲು. ಅಪ್ಪನ ಮಾತೇ ಅದು, ಅಕ್ಷರ ಕೂಡ ಬದಲಾಗಿರಲಿಲ್ಲ.

ಅವಳು ಕೈ ತೊಳೆಯೋಕೆ ಎದ್ದು ಹೋದ ತಕ್ಷಣ ಹೇಳಿದೆ, ‘ರೀ, ಈಗ ಹೇಳಿ. ಇವತ್ತೇ ಹೇಳಿ.’

‘ನೋಡೋಣ.’

‘ಏನು ನೋಡೋದು? ಅವಳು ಸಾಯೋದನ್ನ ನೋಡೋದಾ?’

‘ಹಾಗೆಲ್ಲ ಬಾಯಿಗೆ ಬಂದ ಹಾಗೆ ಮಾತಾಡಬೇಡ. ಅವಳಿಗೆ ಕಣ್ಣಿದೆ. ನಂಗಿಂತ ಚೆನ್ನಾಗಿದೆ. ಸಮಯ ನೋಡ್ಕೊಂಡು ಹೇಳೋದಾದ್ರೆ ಹೇಳೋಣ, ಆ ದಿನ ಗಾಳಿ ಇದ್ರೂ ಇರಬಹುದು.’ ಅಡ್ಡಗೋಡೆ ಮೇಲೆ ದೀಪ ಇಡೋದು ಅಂದ್ರೆ ಇವರನ್ನ ಕರೀಬೇಕು. ಒಂದು ವಾರ ಹೀಗೇ ಜಾರಿಕೊಂಡರು. ಬೆಳಿಗ್ಗೆ ಕೇಳಿದ್ರೆ ಸಂಜೆ, ಸಂಜೆ ಕೇಳಿದ್ರೆ ತಲೆನೋವು.

ಕೊನೆಗೆ ನಾನೇ ಹೇಳಿದೆ. ದಡದಲ್ಲಿ ದೋಣಿ ಕಟ್ಟೋ ಹಲಗೆಯ ಅಟ್ಟಣಿಗೆ ಮೇಲೆ ದೋಣಿ ತೊಳೀತಾ ಇದ್ದೆ, ಅವಳು ಗಾಳಿ ದಿಕ್ಕು ತೋರಿಸೋ ಗಾಳಿಚೀಲ ನೋಡೋಕೆ ಬಂದಿದ್ಲು. ಸಾಮಿಲ್, ಮೂಟೆ, ಹುಟ್ಟು, ಜೊಂಡು, ಒಂದೂ ಬಿಡದೆ ಹೇಳಿದೆ. ಅವಳು ಮೊದಲು ನಕ್ಕಳು. ಆಮೇಲೆ ನಾನು ನಗ್ತಾ ಇಲ್ಲ ಅಂತ ನೋಡಿ, ಮುಖ ಗಟ್ಟಿ ಮಾಡಿಕೊಂಡಳು.

‘ಇಷ್ಟು ವರ್ಷ ಯಾಕೆ ಹೇಳಲಿಲ್ಲ?’

ನಾನು ದೋಣಿಗೆ ಇನ್ನೊಂದು ಬಕೆಟ್ ನೀರು ಸುರಿದೆ.

‘ನಡಿ, ಅಪ್ಪನ್ನೇ ಕೇಳೋಣ’ ಅಂತ ನನ್ನ ಕೈ ಹಿಡಿದು ಹ್ಯಾಂಗರಿಗೆ ಕರ್ಕೊಂಡು ಹೋದ್ಲು. ಅಲ್ಲಿ ಅವರು ಸ್ಟೂಲ್ ಮೇಲೆ ಕೂತಿದ್ರು. ಮೌನಿ ಇಂಜಿನ್ ಮುಚ್ಚಳ ಬಿಚ್ಚಿ ಪ್ಲಗ್ ಒರೆಸ್ತಾ ಇದ್ದ. ಮಗಳು ಸುತ್ತಿ ಬಳಸಿ ಕೇಳಲಿಲ್ಲ. ‘ಅಪ್ಪಾ, ಆ ಫೋಟೋ ದಿನ ಅಮ್ಮ ನೀರಿಗೆ ಹೊಟ್ಟು ಹಾಕಿದ್ಲಂತೆ. ಹೌದಾ?’

ಹತ್ತೊಂಬತ್ತು ವರ್ಷದ ನಂತರ ಬಂದ ಒಂದೇ ಒಂದು ಗಳಿಗೆ. ಹೌದು ಅಂತ ಒಂದು ಮಾತು, ಎರಡು ಅಕ್ಷರ. ಅವರು ಮಗಳ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡಿತೋ, ಅದನ್ನ ಕಳ್ಕೊಳ್ಳೋಕೆ ಅವರಿಗೆ ಆಗಲಿಲ್ಲ. ‘ನಿಮ್ಮಮ್ಮಂಗೆ ಭಯ ಕಣೇ, ಪಾಪ’ ಅಂದ್ರು. ‘ಭಯಕ್ಕೆ ಏನೇನೋ ಹೇಳ್ತಾಳೆ. ತಪ್ಪು ತಿಳ್ಕೋಬೇಡ.’

ಪಾಪ ಅಂದ್ರು ನನ್ನನ್ನ. ಮೈಯೆಲ್ಲ ಉರಿದುಹೋಯ್ತು. ನಾನು ಮೌನಿ ಕಡೆ ತಿರುಗಿದೆ. ಮೂಟೆ ಹೊತ್ತವನು ಅವನೇ ತಾನೆ. ಅವನು ಒರೆಸಿದ ಪ್ಲಗ್ಗನ್ನೇ ಮತ್ತೆ ಒರೆಸ್ತಾ ಇದ್ದ. ಸಂಬಳ ಕೊಡೋ ಕ್ಯಾಪ್ಟನ್ ಎದುರಿಗೆ ಕೂತಿರೋವಾಗ ಅವನಾದ್ರೂ ಏನು ಮಾಡ್ತಾನೆ, ಅಂತ ಈಗ ಅನ್ಸುತ್ತೆ. ಆಗ ಆ ಪ್ಲಗ್ ಕಿತ್ಕೊಂಡು ಅವನ ತಲೆಗೇ ಹೊಡೆಯೋಣ ಅನ್ನಿಸಿತ್ತು. ಮಗಳು ನನ್ನ ಕೈ ಬಿಟ್ಟಳು. ‘ಅಮ್ಮಾ, ಭಯ ಅಂತ ಹೇಳಿದ್ರೆ ಅರ್ಥ ಮಾಡ್ಕೋತಿದ್ದೆ. ಅಪ್ಪನ ಹೆಸರಿಗೆ ಮಸಿ ಬಳೀಬೇಕಿರಲಿಲ್ಲ’ ಅಂದ್ಲು.

ಪ್ರದರ್ಶನದ ಬೆಳಿಗ್ಗೆ ಗಾಳಿ ಇರಲಿಲ್ಲ. ಗಾಳಿಚೀಲ ಒಗೆದು ಹಾಕಿದ ಕಾಲುಚೀಲದ ಹಾಗೆ ಜೋತುಬಿದ್ದಿತ್ತು. ಕೆರೆ ನೋಡಿದೆ. ಎದುರು ದಡದ ಮರ, ಬೆಟ್ಟ, ಒಂದು ತುಂಡು ಮೋಡ, ಎಲ್ಲ ನೀರೊಳಗೂ ಇತ್ತು. ಜನ ಸಾಲುಸಾಲಾಗಿ ಕೂತು, ‘ಎಷ್ಟು ಚೆಂದ’ ಅಂತಿದ್ರು. ನಂಗೆ ಲಂಬುವಿನ ಬೂಟು ಕಣ್ಣ ಮುಂದೆ ಬಂತು.

ನನಗೆ ಹೇಳಿದ್ದು ಇಷ್ಟು: ದೋಣಿನ ಅಟ್ಟಣಿಗೆಗೆ ಕಟ್ಟಿ ಸುಮ್ಮನೆ ಕೂತಿರಬೇಕು, ಏನಾದ್ರೂ ಆದ್ರೆ ಮಾತ್ರ ಬಿಡಬೇಕು. ಕರಪತ್ರದಲ್ಲಿ ಇದ್ದ ಹಾಗೆ, ಬರೀ ರಕ್ಷಣಾ ದೋಣಿ. ಕೀ ನನ್ನ ಹತ್ರಾನೇ ಇತ್ತು. ಯಾರೂ ಇಸ್ಕೊಳ್ಳಲಿಲ್ಲ. ಇಪ್ಪತ್ತೆರಡು ವರ್ಷ ಹೇಳಿದ್ದು ಮಾಡಿದವಳು ಹೇಳದೇ ಇದ್ದದ್ದು ಮಾಡ್ತಾಳೆ ಅಂತ ಯಾರಿಗೆ ಹೊಳೆಯುತ್ತೆ.

ಹಳದಿ ವಿಮಾನ ಒಂದು ಸುತ್ತು ಹಾಕಿತು. ಮೈಕಿನವನು, ‘ತಂದೆ ಮಾಡಿದ್ದನ್ನ ಇವತ್ತು ಮಗಳು’ ಅಂತ ಶುರು ಮಾಡಿದ. ನನ್ನ ಗಂಡ ಗಣ್ಯರ ಸಾಲಿನಲ್ಲಿ ಎದ್ದು ನಿಂತು ಕೈಮುಗಿದರು. ಎರಡನೇ ಸುತ್ತಿಗೆ ಅವಳು ದೂರದಲ್ಲಿ ತಿರುಗಿ, ಇಳಿಯೋಕೆ ಶುರು ಮಾಡಿದ್ಲು. ನಿಧಾನವಾಗಿ, ಒಂದಿಷ್ಟೂ ಅಲುಗಾಡದೆ. ಲಂಬು ಇಳಿದ ಹಾಗೇನೇ.

ನಾನು ಹಗ್ಗ ಬಿಚ್ಚಿದೆ. ಮೋಟಾರು ಒಂದೇ ಎಳೆತಕ್ಕೆ ಹತ್ತಿಕೊಂಡಿತು, ಪುಣ್ಯ. ಆ ಕನ್ನಡಿ ನಡುವೆ ನೇರ ನುಗ್ಗಿಸಿದೆ. ಹಿಂದಿಂದ ಜನ ‘ಹೋ’ ಅಂದದ್ದು ಕೇಳಿಸಿತು. ಮೈಕಿನವನು ‘ದಯವಿಟ್ಟು, ದೋಣಿ, ದಯವಿಟ್ಟು’ ಅಂತ ಬಡ್ಕೋತಾ ಇದ್ದ. ಬೆಟ್ಟ ಒಡೆದುಹೋಯ್ತು, ಮೋಡ ಒಡೆದುಹೋಯ್ತು, ಕೆರೆ ಪೂರ್ತಿ ಅಲೆ. ವಿಮಾನ ನನ್ನ ತಲೆ ಮೇಲೆ ಗರ್ಜಿಸಿಕೊಂಡು ಎದ್ದು ಹೋಯ್ತು. ಇಳಿಯದೆ ಹೋಯ್ತು. ಅಷ್ಟೇ ಸಾಕಿತ್ತು ನಂಗೆ. ದೋಣಿಯಲ್ಲಿ ಕೂತು ಅತ್ತೆ, ಎಷ್ಟೋ ವರ್ಷ ಆಗಿತ್ತು ಹಾಗೆ ಅತ್ತು.

ಆಮೇಲೆ ಅಭ್ಯಾಸ ಅನ್ನೋದು ನೋಡಿ. ಕಲಕಿದ ಮೇಲೆ ಪಕ್ಕಕ್ಕೆ ಸರಿದೆ, ಅಳ್ತಾನೇ ಬಾವುಟ ಎತ್ತಿದೆ, ಅಳ್ತಾನೇ ಎಣಿಸೋಕೆ ಶುರು ಮಾಡಿದೆ. ಅವಳೂ ತಿರುಗಿ ಬಂದ್ಲು. ಎಪ್ಪತ್ತೊಂದಕ್ಕೆ ಚಕ್ರ ತಾಗಿಸಿದಳು. ಕೆರೆ ಉದ್ದಕ್ಕೂ ಎರಡು ಬಿಳೀ ಗೆರೆ ಎಳೆದು ಎದ್ದು ಹೋದ್ಲು. ಜನ ಚಪ್ಪಾಳೆ ಹೊಡೆದರು, ಆದ್ರೆ ಅದು ಪೋಸ್ಟರಿನಲ್ಲಿ ಇದ್ದದ್ದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಅವಳು ಇಳಿದು ನೇರ ಅಟ್ಟಣಿಗೆಗೆ ಬಂದ್ಲು. ಹೆಲ್ಮೆಟ್ ಕೈಯಲ್ಲಿತ್ತು. ಅವಳಪ್ಪ ಹಿಂದೆಯೇ ಬಂದ್ರು.

‘ಇಷ್ಟು ಜನರ ಮುಂದೆ’ ಅಂದ್ಲು. ‘ನನ್ನ ಮೇಲೆ ನಂಬಿಕೆ ಇಲ್ಲ ಅಂತ ಊರಿಗೆಲ್ಲ ಸಾರಿದೆ ನೀನು. ಇನ್ನು ಮುಂದೆ ನಾನು ಹಾರೋ ಕಡೆ ಬರಬೇಡ.’

ನಾನು ಅವಳನ್ನ ನೋಡಲಿಲ್ಲ, ಅವರನ್ನ ನೋಡಿದೆ. ಎರಡನೇ ಸಲ ಸಿಕ್ಕ ಗಳಿಗೆ. ಅವರ ಮುಖ ಬೆವರಿತ್ತು, ಬಿಳಿಚಿಕೊಂಡಿತ್ತು. ಅವಳು ಇಳಿದು ಬರ್ತಿದ್ದಾಗ ಅವರೂ ಲಂಬುನ ಕಂಡಿದಾರೆ ಅಂತ ನಂಗೆ ಗೊತ್ತಾಯ್ತು. ಆದ್ರೂ ಮಗಳ ಭುಜದ ಮೇಲೆ ಕೈ ಹಾಕಿ, ‘ಬಾ ಮಗಾ, ಪೇಪರಿನವರು ಕಾಯ್ತಾ ಇದಾರೆ’ ಅಂದ್ರು.

ಅವಳು ಅದೇ ವಾರ ಮನೆ ಬಿಟ್ಟು ಹ್ಯಾಂಗರ್ ಪಕ್ಕದ ರೂಮಿಗೆ ಹೋದ್ಲು. ನನ್ನ ಗಂಡ ಹಗಲೆಲ್ಲ ಅಲ್ಲೇ ಇರ್ತಿದ್ರು, ಮನೆಗೆ ಬಂದ್ರೆ ಉಪ್ಪು ಕಮ್ಮಿ, ಬಿಸಿನೀರು ಕಾದಿಲ್ಲ, ಇಷ್ಟೇ ಮಾತು. ಒಂದು ತಿಂಗಳ ಮೇಲೆ ಇನ್ನೊಂದು ಊರಿನ ಕೆರೆಯಲ್ಲಿ ಪ್ರದರ್ಶನ ಅಂತ ನಂಗೆ ಗೊತ್ತಾಗಿದ್ದು ಅಂಗಡಿ ಗೋಡೆಯ ಪೋಸ್ಟರಿಂದ. ಮತ್ತೆ ಅದೇ ಕನ್ನಡಿ ಓಟ. ಆ ವಾರ ನಾನು ಊಟ ಮಾಡಿದ್ನೋ ಇಲ್ಲವೋ ನೆನಪಿಲ್ಲ. ಹೋಗಿ ಕಾಲಿಗೆ ಬೀಳೋಣ ಅನ್ನಿಸಿತು. ಹೋದೆ. ರೂಮಿಗೆ ಬೀಗ ಹಾಕಿತ್ತು, ಆಗಲೇ ಹೊರಟುಹೋಗಿದ್ರು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಫೋನ್ ಬಂತು. ಮೌನಿ.

‘ಅಕ್ಕಾ’ ಅಂದ. ಆಮೇಲೆ ಉಸಿರಾಡಿದ್ದು ಮಾತ್ರ ಕೇಳಿಸಿತು.

‘ಹೇಳಪ್ಪಾ. ಇವತ್ತಾದ್ರೂ ಬಾಯಿ ಬಿಡು.’

‘ಕ್ಯಾಪ್ಟನ್ನು ಎರಡು ಮೂಟೆ ಹೊಟ್ಟು ತರಿಸಿದಾರೆ. ಬೆಳಿಗ್ಗೆ ನನ್ನ ಕೈಲಿ ಹಾಕಿಸ್ತಾರಂತೆ. ನಿಮ್ಮ ಪಾಪುಗೆ ಗೊತ್ತಾಗಬಾರದಂತೆ. ಹೇಗೆ ಹಾಕೋದು ಅಂತ ನಂಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.’

ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟೆ. ಜೀವ ಬಂದ ಹಾಗಾಯ್ತು. ಆಮೇಲೆ ಹೊಳೀತು, ಹಾಗಾದ್ರೆ ಅವರು ಯಾವುದನ್ನೂ ಮರೆತಿರಲಿಲ್ಲ. ಮಗಳ ಮುಂದೆ ನನ್ನನ್ನ ಸುಳ್ಳಿ ಮಾಡಿದಾಗ ಅವರಿಗೆ ಎಲ್ಲ ನೆನಪಿತ್ತು.

‘ಒಣಗಿದೆಯಾ ಹೊಟ್ಟು?’ ಅಂತ ಕೇಳಿದೆ.

‘ಮುಟ್ಟಿ ನೋಡ್ತೀನಿ. ಸ್ವಲ್ಪ ಹಸಿ ಇದೆ ಅಕ್ಕಾ.’

‘ಹಸಿಯದ್ದು ಮುಳುಗುತ್ತೆ. ಈಗಲೇ ತಾರ್ಪಾಲಿನ ಮೇಲೆ ಬಿಸಿಲಿಗೆ ಹರಡು. ಮೋಟಾರು ಮುಟ್ಟಬೇಡ, ಹುಟ್ಟು ಹಾಕ್ಕೊಂಡು ಹೋಗು. ಮುಷ್ಟಿ ತುಂಬ ಎಸೀಬೇಡ, ರಂಗೋಲಿ ಪುಡಿ ಬಿಟ್ಟ ಹಾಗೆ ಬೆರಳ ಸಂದಿಯಿಂದ ಬಿಡು. ಎದುರು ದಡದಲ್ಲಿ ಒಂದು ಗುರುತು ಇಟ್ಕೊಂಡು ಅದನ್ನೇ ನೋಡ್ಕೊಂಡು ಹೋಗು, ಇಲ್ಲದಿದ್ರೆ ಗೆರೆ ಸೊಟ್ಟ ಆಗುತ್ತೆ.’ ಅವನು ಹೂಂ ಹೂಂ ಅಂದ. ಫೋನ್ ಇಡೋ ಮುಂಚೆ, ‘ಆವತ್ತು ಹ್ಯಾಂಗರಲ್ಲಿ ತಪ್ಪಾಯ್ತು ಅಕ್ಕಾ’ ಅಂದ. ‘ಹೋಗು, ಬಿಸಿಲು ಇಳಿಯೋ ಮುಂಚೆ ಹೊಟ್ಟು ಹರಡು’ ಅಂದೆ.

ಮಾರನೇ ದಿನ ಮನೆಯಲ್ಲಿ ಕೂತು, ಬೆಳಗಿಂದ ಫೋನ್ ನೋಡ್ತಾನೇ ಇದ್ದೆ. ಹತ್ತೂವರೆಗೆ ಮೌನಿ ಒಂದೇ ಮಾತು ಕಳಿಸಿದ: ‘ಆಯ್ತು.’

ಅದರ ಮಾರನೇ ದಿನ ಪೇಪರಿನಲ್ಲಿ ಅರ್ಧ ಪುಟದ ಫೋಟೋ. ಕನ್ನಡಿ ನೀರು, ಹಳದಿ ವಿಮಾನ, ಚಕ್ರಕ್ಕೆ ಚಕ್ರ. ಮೇಲೆ ದಪ್ಪ ಅಕ್ಷರದಲ್ಲಿ ‘ತಂದೆಯಂತೆ ಮಗಳು’. ಗಾದೆ ತಾಯಿಯಂತೆ ಮಗಳು ಅಂತ, ಅದನ್ನೂ ಬಿಡಲಿಲ್ಲ ಇವರು. ಕನ್ನಡಕ ಹಾಕ್ಕೊಂಡು ಎಡಚಕ್ರದ ಮುಂದೆ ಹುಡುಕಿದೆ. ಚುಕ್ಕೆ ಇತ್ತು. ನಾನು ಹಾಕಿದ್ದಕ್ಕಿಂತ ದಪ್ಪ, ಸ್ವಲ್ಪ ಸೊಟ್ಟ.

ಕೆಳಗೆ ಅವಳ ಮಾತು ಹಾಕಿದ್ರು. ಕನ್ನಡಿ ನೀರಿನ ಮೇಲೆ ಹೇಗೆ ಸಾಧ್ಯವಾಯ್ತು ಅಂತ ಕೇಳಿದ್ದಕ್ಕೆ, ‘ಕಣ್ಣಿದ್ರೆ ಸಾಕು, ನೀರು ತಾನೇ ದಾರಿ ತೋರಿಸುತ್ತೆ’ ಅಂದಿದ್ಲು.

ಆ ಸಾಲನ್ನ ನಾಲ್ಕು ಸಲ ಓದಿದೆ. ಗೆರೆ ಅವಳಿಗೆ ಕಾಣದೇ ಇರೋಕೆ ಸಾಧ್ಯವೇ ಇಲ್ಲ. ಅದು ಇರೋದೇ ಅವಳಿಗೆ ಕಾಣೋಕೆ. ಮುಗಿಲಿನ ಬಣ್ಣದ ನೀರಿನ ಮೇಲೆ ಕಂದು ಹೊಟ್ಟು, ಕೆರೆ ಉದ್ದಕ್ಕೂ, ಅವಳ ಕಣ್ಣ ನೇರಕ್ಕೆ. ಅದನ್ನ ನೋಡಿಯೇ ಅವಳು ಚಕ್ರ ತಾಗಿಸಿರ್ತಾಳೆ. ತಾಗಿಸಿದ ಆ ಕ್ಷಣದಲ್ಲೇ ಅಟ್ಟಣಿಗೆ ಮೇಲೆ ನಾನು ಹೇಳಿದ್ದೆಲ್ಲ ನಿಜ ಅಂತ ಗೊತ್ತಾಗಿರುತ್ತೆ. ಗೊತ್ತಾಗಿ, ಮೇಲೆದ್ದು, ಇಳಿದು ಬಂದು, ಹೆಲ್ಮೆಟ್ ತೆಗೆದು, ಈ ಮಾತು ಹೇಳಿದಾಳೆ.

ಸಂಜೆ ಅವಳೇ ಫೋನ್ ಮಾಡಿದ್ಲು. ಒಂದು ತಿಂಗಳ ಮೇಲೆ ಅವಳ ದನಿ ಕೇಳಿದ್ದು.

‘ಅಮ್ಮಾ, ಊಟ ಆಯ್ತಾ?’

‘ಆಯ್ತು.’

‘ಮುಂದಿನ ತಿಂಗಳು ಇನ್ನೊಂದು ಇದೆ. ನೀನೇ ಬಾ ಅಮ್ಮಾ. ಮೌನಿ ಗೆರೆ ಸೊಟ್ಟ ಹಾಕ್ತಾನೆ.’

ನಾನು ಹೇಳಿದ್ದು ನಿಜ ಅಂತ ಅವಳ ಬಾಯಲ್ಲಿ ಒಂದು ಸಲ ಕೇಳಬೇಕಿತ್ತು ನಂಗೆ, ಅದಕ್ಕಿಂತ ಜಾಸ್ತಿ ಏನೂ ಬೇಕಿರಲಿಲ್ಲ. ‘ಗೆರೆನಾ? ಯಾವ ಗೆರೆ?’ ಅಂದೆ.

ಅವಳು ದನಿ ತಗ್ಗಿಸಿ ಅಂದ್ಲು, ‘ಸುಮ್ನಿರಮ್ಮಾ. ಅಪ್ಪ ಇಲ್ಲೇ ಇದಾರೆ.’

ಆ ಗಾದೆ ಸುಳ್ಳಲ್ಲ, ತಾಯಿಯಂತೆ ಮಗಳೇ. ಹತ್ತೊಂಬತ್ತು ವರ್ಷ ಕಾಫಿ ಸೋಸ್ಕೊಂಡು ಒಳಗೇ ನಿಂತವಳ ಹೊಟ್ಟೇಲಿ ಹುಟ್ಟಿದವಳು ಇನ್ನೇನು ಮಾಡ್ತಾಳೆ. ಬರಲ್ಲ ಅನ್ನಬೇಕು ಅಂತ ಬಾಯಿ ತೆರೆದೆ. ಮೌನಿಯ ಸೊಟ್ಟ ಗೆರೆ ನೆನಪಾಯ್ತು. ಲಂಬುವಿನ ಬೂಟು ನೆನಪಾಯ್ತು.

‘ಬರ್ತೀನಿ’ ಅಂದೆ. ಫೋನ್ ಇಟ್ಟು, ಸಾಮಿಲ್‌ಗೆ ಹೋಗಿ ಎರಡು ಮೂಟೆ ಒಣಗಿದ ಹೊಟ್ಟು ಎತ್ತಿಡೋಕೆ ಹೇಳಿ ಬಂದೆ.